ಹೆಸರಿನಲ್ಲಿ ಮಾತ್ರ ಸಮುದ್ರವಿರುವ ಊರು

ಫ್ರಾನ್ಸಿನ ಉತ್ತರದಲ್ಲಿ ನ್ವಾಯೆಲ್-ಸ್ಯುರ್-ಮೆರ್ ಎಂಬ ಸಣ್ಣ ಊರಿದೆ. 'ಸ್ಯುರ್ ಮೆರ್' ಅಂದರೆ 'ಸಮುದ್ರದ ಮೇಲೆ', ನಮ್ಮ ಮಾತಿನಲ್ಲಿ ಕಡಲ ದಡದ್ದು. ಹೆಸರು ನಂಬಿ ಇಲ್ಲಿ ರೈಲಿಳಿದವರು ಅಲೆಯ ಸದ್ದಿಗೆ ಕಿವಿ ಕೊಟ್ಟರೆ ಕೇಳಿಸುವುದು ಕುರಿಗಳ ಕೂಗು. ಊರಿನ ಅಂಚಿನಿಂದ ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುವೆ ಹಾವಿನಂತೆ ಹರಿಯುವ ಕೆಸರಿನ ಕಾಲುವೆಗಳು. ಸಮುದ್ರ ಇದೆ, ಆದರೆ ಆ ಹುಲ್ಲಿನಾಚೆ ಎಲ್ಲೋ ದೂರದಲ್ಲಿ.

ಊರಿನ ಜನಸಂಖ್ಯೆ ಸಾವಿರ ಮುಟ್ಟುವುದಿಲ್ಲ. ಪ್ಯಾರಿಸ್‌ನಿಂದ ರೈಲಿನಲ್ಲಿ 200 ಕಿಲೋಮೀಟರ್‌ಗೂ ಕಡಿಮೆ ದೂರ. ಅಬ್‌ವಿಲ್ ಎಂಬ ಪಟ್ಟಣ ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ನಿಲ್ದಾಣ ಬರುತ್ತದೆ. ಸೋಮ್ ನದಿ ಇಂಗ್ಲಿಷ್ ಕಾಲುವೆ ಎಂಬ ಕಿರುಗಡಲನ್ನು ಸೇರುವ ಅಳಿವೆ ಇದೇ. ಸೋಮ್ ಅಂದ ತಕ್ಷಣ ಮೊದಲ ಮಹಾಯುದ್ಧದ ಹೆಸರು ನೆನಪಾಗುವವರಿಗೆ ಒಂದು ಮಾತು: ಆ ಕದನ ನಡೆದದ್ದು ಇದೇ ನದಿಯ ಮೇಲ್ಭಾಗದಲ್ಲಿ, ಇಲ್ಲಿಂದ ಸಾಕಷ್ಟು ದೂರದಲ್ಲಿ. ಆದರೂ ಯುದ್ಧ ಈ ಊರನ್ನು ಬಿಡಲಿಲ್ಲ. ಅದು ಬೇರೆಯೇ ರೂಪದಲ್ಲಿ ಬಂತು. ಆ ಕಥೆಗೆ ಹೋಗುವ ಮೊದಲು ಸಮುದ್ರ ಎಲ್ಲಿಗೆ ಹೋಯಿತು ಅಂತ ನೋಡಬೇಕು. ಯಾಕೆಂದರೆ ಈ ಊರಿಗೆ ಆದದ್ದೆಲ್ಲ ಒಂದೇ ವಸ್ತುವಿನಿಂದ ಆದದ್ದು. ಅದು ಹೂಳು.

ಅಳಿವೆಯಲ್ಲಿ ಹೂಳು ತುಂಬಿದರೆ ನಾವು ನದಿಯನ್ನು ದೂರುತ್ತೇವೆ. ಮೇಲಿನಿಂದ ಮಣ್ಣು ಕೊಚ್ಚಿಕೊಂಡು ಬಂತು ಅನ್ನುತ್ತೇವೆ. ಇಲ್ಲಿ ಲೆಕ್ಕ ಉಲ್ಟಾ. ಸೋಮ್ ಬಡಪಾಯಿ ನದಿ. ಸುಣ್ಣಕಲ್ಲಿನ ನೆಲದಲ್ಲಿ ಇಂಗಿದ ಮಳೆನೀರು ನಿಧಾನವಾಗಿ ಒಸರಿ ಹುಟ್ಟುವ ನದಿ ಅದು. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿ ಹರಿಯುತ್ತದೆ. ಅಬ್ಬರವಿಲ್ಲ, ಜಾಸ್ತಿ ಮಣ್ಣೂ ತರುವುದಿಲ್ಲ. ಇಲ್ಲಿ ತುಂಬುತ್ತಿರುವುದು ಸಮುದ್ರವೇ ತಂದು ಸುರಿದ ಮರಳು.

ಸಮುದ್ರ ಮರಳು ತರುತ್ತದೆ ಸರಿ, ಇಳಿತದ ಹೊತ್ತಿಗೆ ವಾಪಸ್ ಒಯ್ಯುವುದಿಲ್ಲವೇ? ಒಯ್ಯುತ್ತದೆ, ಆದರೆ ತಂದಷ್ಟನ್ನೂ ಅಲ್ಲ. ಈ ಭಾಗದ ಉಬ್ಬರವಿಳಿತ ಭಾರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ನೀರಿನ ಏರಿಳಿತ 10 ಮೀಟರ್ ಹತ್ತಿರಕ್ಕೆ ಹೋಗುತ್ತದೆ, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ಅಷ್ಟು ನೀರು ಆಳ ಕಡಿಮೆ ಇರುವ ಕೊಲ್ಲಿಯೊಳಗೆ ನುಗ್ಗಬೇಕು. ಆಳ ಇರುವ ಕಡೆ ಅಲೆ ಬೇಗ ಓಡುತ್ತದೆ, ಆಳ ಇಲ್ಲದ ಕಡೆ ತೆವಳುತ್ತದೆ. ಉಬ್ಬರ ತುಂಬಿದಾಗ ಆಳ ಜಾಸ್ತಿ, ಇಳಿತ ಮುಗಿಯುವಾಗ ಆಳ ಕಡಿಮೆ. ಹೀಗಾಗಿ ಏರುವ ನೀರು ಸ್ವಲ್ಪ ಹೊತ್ತಿನಲ್ಲೇ ರಭಸದಿಂದ ಬಂದುಬಿಡುತ್ತದೆ, ಇಳಿಯುವ ನೀರು ಹೆಚ್ಚು ಹೊತ್ತು ತೆಗೆದುಕೊಂಡು ಸಾವಕಾಶವಾಗಿ ಹೋಗುತ್ತದೆ. ರಭಸದ ನೀರು ಹೊತ್ತು ತಂದ ಮರಳನ್ನು ನಿಧಾನದ ನೀರಿಗೆ ಹೊರಲು ಶಕ್ತಿ ಸಾಲದು. ದಿನಕ್ಕೆ ಎರಡು ಸಲ ಈ ವ್ಯಾಪಾರ ನಡೆಯುತ್ತದೆ, ಎರಡು ಸಲವೂ ಒಂದಿಷ್ಟು ಮರಳು ಇಲ್ಲೇ ಉಳಿಯುತ್ತದೆ. ಸುಮಾರು 70 ಚದರ ಕಿಲೋಮೀಟರ್ ಹರಡಿರುವ ಈ ಕೊಲ್ಲಿಯ ತಳ ಸರಾಸರಿ ವರ್ಷಕ್ಕೆ ಒಂದರಿಂದ ಎರಡು ಸೆಂಟಿಮೀಟರ್ ಏರುತ್ತಿದೆ. ಕೇಳಲು ಏನೂ ಅಲ್ಲ ಅನಿಸಬಹುದು. ನೂರು ವರ್ಷಕ್ಕೆ ಗುಣಿಸಿ ನೋಡಿ, ಆಳು ಮುಳುಗುವ ಮಟ್ಟ.

ತಳ ಒಂದು ಎತ್ತರ ಮುಟ್ಟಿದ ಮೇಲೆ ಗಿಡಗಳ ಸರದಿ. ದಿನವೂ ನೀರು ಹೊದೆಯುವ ಬರೀ ಕೆಸರಿನ ಮೇಲೆ ಮೊದಲು ಕಾಲಿಡುವುದು ಸಾಲಿಕೋರ್ನ್ ಎಂಬ ಉಪ್ಪುಗಿಡ. ಬೆರಳುದ್ದದ ದಪ್ಪ ಹಸಿರು ಕಡ್ಡಿಗಳು, ಎಲೆ ಅನ್ನುವಂಥದ್ದೇ ಕಾಣುವುದಿಲ್ಲ. ಜನ ಅದನ್ನು ಕೊಯ್ದು ಉಪ್ಪಿನಕಾಯಿ ತರಹ ಹುಳಿಯಲ್ಲಿ ಹಾಕಿಡುತ್ತಾರೆ, ಬೆಣ್ಣೆಯಲ್ಲಿ ಬಾಡಿಸಿಯೂ ತಿನ್ನುತ್ತಾರೆ. ಗಿಡ ಬಂತೆಂದರೆ ಅದರ ಕಡ್ಡಿಗಳ ನಡುವೆ ನೀರಿನ ವೇಗ ಇನ್ನೂ ತಗ್ಗುತ್ತದೆ, ಅಲ್ಲಿ ಇನ್ನಷ್ಟು ಸಣ್ಣ ಮಣ್ಣು ಕೂರುತ್ತದೆ. ಮಣ್ಣು ಕೂತಂತೆ ಬೇರೆ ಹುಲ್ಲುಗಳು ಬರುತ್ತವೆ. ಕೊನೆಗೆ ದೊಡ್ಡ ಉಬ್ಬರದ ದಿನಗಳಲ್ಲಿ ಮಾತ್ರ ನೀರು ಹತ್ತುವ ಉಪ್ಪುಹುಲ್ಲಿನ ಬಯಲು ಆಗಿಬಿಡುತ್ತದೆ. ಇಲ್ಲಿಯವರು ಅದನ್ನು ಮೊಲ್ಯೇರ್ ಅನ್ನುತ್ತಾರೆ. ನ್ವಾಯೆಲ್ ಊರಿನ ಎದುರಿಗಿರುವುದು ಇದೇ.

ಹಿಂದೆ ಹೀಗಿರಲಿಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ 1346ರ ಆಗಸ್ಟ್‌ನ ಒಂದು ಬೆಳಗ್ಗೆ. ಆಗ ಉಬ್ಬರದ ನೀರು ಅಬ್‌ವಿಲ್ ತನಕ ಹೋಗುತ್ತಿತ್ತು. ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ಜುಲೈನಲ್ಲಿ ನಾರ್ಮಂಡಿಯಲ್ಲಿ ಇಳಿದು, ಊರೂರು ಸುಡುತ್ತಾ ಉತ್ತರಕ್ಕೆ ಬಂದಿದ್ದ. ಸೋಮ್ ನದಿಯ ಹತ್ತಿರ ಸಿಕ್ಕಿಬಿದ್ದ. ಸೇತುವೆಗಳನ್ನು ಫ್ರೆಂಚರು ಒಡೆದಿದ್ದರು, ಇಲ್ಲವೇ ಕಾವಲು ಹಾಕಿದ್ದರು. ಎಡಗಡೆ ಸಮುದ್ರ, ಎದುರಿಗೆ ನದಿ, ಬೆನ್ನ ಹಿಂದೆ ಫ್ರಾನ್ಸಿನ ದೊರೆ ಆರನೇ ಫಿಲಿಪ್‌ನ ದೊಡ್ಡ ಸೈನ್ಯ. ಆಗ ಅವನಿಗೆ ಅಳಿವೆಯಲ್ಲೇ ಒಂದು ದಾರಿ ಇರುವ ಸುದ್ದಿ ಸಿಕ್ಕಿತು. ಇಳಿತದ ಹೊತ್ತಿನಲ್ಲಿ ಕೆಲವೇ ತಾಸು ತೆರೆದುಕೊಳ್ಳುವ ಹಾಯ್ಗಡ, ಹೆಸರು ಬ್ಲಾಂಶ್‌ತಾಕ್, ಅಂದರೆ ಬಿಳಿ ಕಲೆ. ಸುತ್ತಲೂ ಕಾಲು ಹೂತುಹೋಗುವ ಕೆಸರು, ಅಲ್ಲಿ ಮಾತ್ರ ತಳದಲ್ಲಿ ಗಟ್ಟಿ ಬಿಳಿ ಸುಣ್ಣಕಲ್ಲು. ಆ ಜಾಗ ನ್ವಾಯೆಲ್‌ನಿಂದ ಸ್ವಲ್ಪ ಮೇಲಕ್ಕೆ, ಅಬ್‌ವಿಲ್ ಕಡೆಗೆ.

ಆಗಸ್ಟ್ 24ರಂದು ಸೈನ್ಯ ದಡದಲ್ಲಿ ನೀರು ಇಳಿಯುವುದನ್ನೇ ಕಾಯುತ್ತಾ ನಿಂತಿತು. ನೀರಿಳಿಯಿತು, ಆಚೆ ದಡದಲ್ಲಿದ್ದ ಫ್ರೆಂಚ್ ಪಡೆಯ ಜೊತೆ ನೀರಿನಲ್ಲೇ ಹೊಡೆದಾಡಿ ದಾಟಿದರು. ಹಿಂದಟ್ಟಿ ಬಂದ ಫಿಲಿಪ್‌ನ ಸೈನ್ಯ ದಡ ಮುಟ್ಟುವ ಹೊತ್ತಿಗೆ ಉಬ್ಬರ ಶುರುವಾಗಿತ್ತು. ದಾರಿ ಮುಚ್ಚಿಹೋಗಿತ್ತು. ಎರಡು ದಿನ ಬಿಟ್ಟು, ಆಗಸ್ಟ್ 26ರಂದು, ಹತ್ತಿರದ ಕ್ರೇಸಿಯಲ್ಲಿ ಇಂಗ್ಲಿಷ್ ಬಿಲ್ಲುಗಾರರು ಫ್ರೆಂಚ್ ಕುದುರೆ ಸವಾರರನ್ನು ನೆಲಕ್ಕೆ ಕೆಡವಿದರು. ಯುರೋಪಿನ ಯುದ್ಧ ಚರಿತ್ರೆಯ ಪುಸ್ತಕಗಳಲ್ಲಿ ಕ್ರೇಸಿಗೆ ದೊಡ್ಡ ಅಧ್ಯಾಯ ಇರುತ್ತದೆ. ಬ್ಲಾಂಶ್‌ತಾಕ್‌ಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನ್ನನ್ನು ಕೇಳಿದರೆ ತಿರುವು ಇದ್ದದ್ದು ಆ ಕೆಸರಿನಲ್ಲೇ. ಅವತ್ತು ನೀರಿನ ಹೊತ್ತು ತಪ್ಪಿದ್ದರೆ ಕ್ರೇಸಿ ನಡೆಯುತ್ತಲೇ ಇರಲಿಲ್ಲ. ಈಗ ಹೋಗಿ ಆ ಹಾಯ್ಗಡ ಹುಡುಕಿದರೆ ಸಿಗುವುದು ಹೊಲ ಮತ್ತು ದನ.

ಹೊಲ ಹೇಗೆ ಬಂತು? ಸಮುದ್ರ ಅರ್ಧ ಕೆಲಸ ಮಾಡಿತ್ತು, ಮಿಕ್ಕರ್ಧ ಮನುಷ್ಯರು ಮಾಡಿದರು. ಮೊಲ್ಯೇರ್ ಸಾಕಷ್ಟು ಎತ್ತರ ಆದ ಮೇಲೆ ಅದರ ಸುತ್ತ ಮಣ್ಣಿನ ಏರಿ ಹಾಕುವುದು, ಮಳೆನೀರಿನಿಂದ ಉಪ್ಪು ತೊಳೆದುಹೋಗಲು ಬಿಡುವುದು, ಬಾಗಿಲಿಟ್ಟ ಕಾಲುವೆಯಿಂದ ಆ ನೀರನ್ನು ಇಳಿತದ ಹೊತ್ತಿಗೆ ಹೊರಗೆ ಬಿಡುವುದು. ಕೆಲವು ವರ್ಷಗಳಲ್ಲಿ ಅದು ಉಳುವ ನೆಲ. ಹೀಗೆ ಕಟ್ಟಿಕೊಂಡ ಒಂದೊಂದು ತುಂಡನ್ನೂ ಇಲ್ಲಿ ರಾಂಕ್ಲೋತ್ಯೂರ್ ಅನ್ನುತ್ತಾರೆ. ಮಧ್ಯಯುಗದಿಂದಲೂ ಒಂದರ ಮುಂದೊಂದು ಏರಿ ಕಟ್ಟುತ್ತಾ ಜನ ಸಮುದ್ರದ ಕಡೆಗೆ ನಡೆದರು. ಪ್ರತಿ ಏರಿಯೂ ಕೊಲ್ಲಿಯನ್ನು ಕಿರಿದು ಮಾಡಿತು. ಕೊಲ್ಲಿ ಕಿರಿದಾದಷ್ಟೂ ಒಳಬಂದು ಹೊರಹೋಗುವ ನೀರು ಕಡಿಮೆ, ನೀರು ಕಡಿಮೆಯಾದಷ್ಟೂ ಹೂಳು ತೊಳೆದುಹೋಗುವುದು ಕಡಿಮೆ. ಸಾಲದ ಬಡ್ಡಿಯ ಹಾಗೆ, ಒಮ್ಮೆ ಶುರುವಾದರೆ ತಾನೇ ಬೆಳೆಯುತ್ತದೆ.

19ನೇ ಶತಮಾನದ ಮೊದಲರ್ಧದಲ್ಲಿ ಇದಕ್ಕೊಂದು ದೊಡ್ಡ ತಳ್ಳು ಸಿಕ್ಕಿತು. ಅಬ್‌ವಿಲ್‌ಗೆ ಹಡಗು ಬರಲಿ ಎಂದು ಅಲ್ಲಿಂದ ಕೊಲ್ಲಿಯ ದಕ್ಷಿಣ ದಡದ ಸ್ಯಾಂ-ವಾಲ್ರಿ ಊರಿನ ತನಕ ನದಿಯನ್ನು ನೇರ ಕಾಲುವೆಯಲ್ಲಿ ಕೂರಿಸಿದರು. ಮೊದಲು ಸೋಮ್ ಕೊಲ್ಲಿಯೊಳಗೆ ಮನಸ್ಸು ಬಂದ ಕಡೆ ಅಲೆಯುತ್ತಿತ್ತು, ಅಲೆಯುತ್ತಾ ಹೂಳನ್ನು ಕೆದಕಿ ಸಮುದ್ರಕ್ಕೆ ತಳ್ಳುತ್ತಿತ್ತು. ಈಗ ಅದು ಒಂದು ಪಕ್ಕಕ್ಕೆ ಸರಿದು ಶಿಸ್ತಿನಿಂದ ಹರಿಯಿತು. ಉಳಿದ ಕೊಲ್ಲಿಯನ್ನು ಗುಡಿಸುವವರು ಯಾರೂ ಇರಲಿಲ್ಲ. ಉತ್ತರ ದಂಡೆಯ ಮೀನುಗಾರರ ಊರು ಲ ಕ್ರೊತ್ವಾ ತನ್ನ ಬಂದರು ಉಳಿಸಿಕೊಳ್ಳಲು ಒಂದು ಉಪಾಯ ಮಾಡಿಕೊಂಡಿತು. ಉಬ್ಬರದ ನೀರನ್ನು ದೊಡ್ಡ ಕೊಳದಲ್ಲಿ ಹಿಡಿದಿಟ್ಟು, ಇಳಿತದ ಹೊತ್ತಿಗೆ ಬಾಗಿಲು ತೆಗೆದು ಒಮ್ಮೆಲೇ ಬಿಡುವುದು. ಆ ನೀರಿನ ಹೊಡೆತಕ್ಕೆ ದೋಣಿ ಬರುವ ದಾರಿಯ ಹೂಳು ಕೊಚ್ಚಿಹೋಗಲಿ ಅಂತ. ಚೆಂಬಿನಲ್ಲಿ ನೀರು ಹಾಕಿ ಬಚ್ಚಲು ತೊಳೆಯುವ ಕೆಲಸ, ಅಷ್ಟೇ. ಹೂಳು ಮಾತ್ರ ದಿನಾ ಬರುತ್ತದೆ.

ನಂತರ ಬಂದದ್ದು ರೈಲು, ನ್ವಾಯೆಲ್ ಮಟ್ಟಿಗೆ ಎಲ್ಲವನ್ನೂ ಬದಲಿಸಿದ್ದು ಅದೇ. ಅಮ್ಯಾಂ ನಗರದಿಂದ ಅಬ್‌ವಿಲ್ ಮೂಲಕ ಬುಲೋನ್ ಬಂದರಿಗೆ ಹೋಗುವ ಮುಖ್ಯ ಮಾರ್ಗ 1847ರಲ್ಲಿ ಈ ಕಡೆ ಬಂತು. ರೈಲಿಗೆ ಗಟ್ಟಿ ನೆಲ ಬೇಕು. ಅದು ಕೊಲ್ಲಿಯನ್ನು ಬಳಸಿಕೊಂಡು ಹಿಂಭಾಗದಿಂದ ಹೋಯಿತು, ನ್ವಾಯೆಲ್ ಆ ದಾರಿಯಲ್ಲಿ ಸಿಕ್ಕಿತು. ಸ್ಯಾಂ-ವಾಲ್ರಿ ದೊಡ್ಡ ಊರು, ಹಳೆಯ ಬಂದರು. 1066ರಲ್ಲಿ ಇಂಗ್ಲೆಂಡ್ ಗೆಲ್ಲಲು ಹೊರಟ ವಿಲಿಯಮ್ ಗಾಳಿಗಾಗಿ ಕಾದು ಹಾಯಿ ಬಿಚ್ಚಿದ್ದು ಅಲ್ಲಿಂದಲೇ. ಆದರೆ ಮುಖ್ಯ ರೈಲು ಅಲ್ಲಿಗೆ ಹೋಗಲಿಲ್ಲ. ಅಲ್ಲಿನವರಿಗಾಗಿ 1858ರಲ್ಲಿ ನ್ವಾಯೆಲ್‌ನಿಂದ ಕವಲು ಮಾರ್ಗ ಹಾಕಿದರು. ಅದು ಕೊಲ್ಲಿಯ ಒಳತುದಿಯನ್ನು ದಾಟಬೇಕಿತ್ತು. ಒಂದು ಕಿಲೋಮೀಟರ್‌ಗೂ ಉದ್ದದ ಮರದ ಕಂಬಗಳ ಸೇತುವೆ ಕಟ್ಟಿದರು. ಉಬ್ಬರದ ಹೊತ್ತಿನಲ್ಲಿ ಆ ಬಂಡಿ ನೀರಿನ ಮೇಲೆ ಹೋಗುವಂತೆ ಕಾಣುತ್ತಿತ್ತೇನೋ.

ಮರದ ಕಂಬಗಳ ನಡುವೆ ನೀರು ಆಡುತ್ತಿತ್ತು. 20ನೇ ಶತಮಾನದ ಶುರುವಿನಲ್ಲಿ ಸೇತುವೆ ತೆಗೆದು ಅದೇ ಜಾಗದಲ್ಲಿ ಮಣ್ಣಿನ ಗಟ್ಟಿ ದಿಬ್ಬ ಹಾಕಿದರು. ರೈಲಿಗೆ ಅನುಕೂಲವಾಯಿತು. ಸಮುದ್ರಕ್ಕೆ ಮಾತ್ರ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ದಿಬ್ಬದ ಹಿಂದಿನ ಜಾಗಕ್ಕೆ ಉಪ್ಪುನೀರು ಬರುವುದು ನಿಂತು ಅದು ಹುಲ್ಲುಗಾವಲಾಯಿತು. ಮುಂದಿನ ಜಾಗದಲ್ಲಿ ನೀರು ಮಂದವಾಗಿ ಹೂಳು ಇನ್ನೂ ಬೇಗ ಕೂತಿತು.

ಈ ಮಾರ್ಗದಲ್ಲಿ ಇನ್ನೊಂದು ವಿಚಿತ್ರ ಇದೆ. 1887ರಲ್ಲಿ ಲ ಕ್ರೊತ್ವಾ ಕಡೆಗೂ ಸ್ಯಾಂ-ವಾಲ್ರಿಯ ಆಚೆ ಇರುವ ಕಾಯೋ ಊರಿನ ಕಡೆಗೂ ಮೀಟರ್ ಗೇಜ್ ಬಂತು. ನ್ವಾಯೆಲ್ ಮತ್ತು ಸ್ಯಾಂ-ವಾಲ್ರಿ ನಡುವೆ ಅಗಲದ ಹಳಿಯ ಒಳಗೇ ಸಣ್ಣ ಹಳಿ ಜೋಡಿಸಿದರು. ಎರಡು ಬಗೆಯ ರೈಲಿಗೆ ಒಂದೇ ದಾರಿ, ನಾಲ್ಕು ಹಳಿ. ಮಾಮೂಲಿ ಸೇವೆ ನಿಂತ ಮೇಲೆ ರೈಲಿನ ಹುಚ್ಚಿದ್ದ ಕೆಲವರು ಸಂಘ ಕಟ್ಟಿಕೊಂಡು 1970ರ ದಶಕದಿಂದ ಇದನ್ನು ಪ್ರವಾಸಿಗರಿಗಾಗಿ ಓಡಿಸುತ್ತಿದ್ದಾರೆ. ಕಲ್ಲಿದ್ದಲಿನ ಹೊಗೆ ಬಿಡುತ್ತಾ ಹಳೆಯ ಉಗಿಬಂಡಿಗಳು ಕುರಿಗಳ ನಡುವೆ ಹೋಗುತ್ತವೆ. ಇಲ್ಲಿಗೆ ಬರುವ ಹೆಚ್ಚಿನವರಿಗೆ ನ್ವಾಯೆಲ್ ಅಂದರೆ ಈ ಬಂಡಿ ಹತ್ತುವ ಜಾಗ. ಹತ್ತುತ್ತಾರೆ, ಹೋಗುತ್ತಾರೆ.

ಇಷ್ಟು ಸಣ್ಣ ಊರನ್ನು ನಡೆಸುವವರು ಯಾರು? ಫ್ರಾನ್ಸಿನ ಆಡಳಿತದ ಅತಿ ಸಣ್ಣ ಘಟಕದ ಹೆಸರು ಕಮ್ಯೂನ್. ನಮ್ಮ ಗ್ರಾಮ ಪಂಚಾಯಿತಿ ತರಹ ಅಂದುಕೊಂಡರೆ ಅರ್ಧ ಸರಿ. ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ, ಒಂದೊಂದರಲ್ಲಿ ಹಲವು ಹಳ್ಳಿ ಸೇರಿರುತ್ತವೆ. ಕರ್ನಾಟಕದಷ್ಟೇ ಜನಸಂಖ್ಯೆಯ ಫ್ರಾನ್ಸಿನಲ್ಲಿ ಸುಮಾರು 35,000 ಕಮ್ಯೂನ್‌ಗಳು. 1789ರ ಕ್ರಾಂತಿಯ ಹೊತ್ತಿನಲ್ಲಿ ಚರ್ಚ್ ಇದ್ದ ಊರಿಗೆಲ್ಲ ಹೆಚ್ಚುಕಡಿಮೆ ಒಂದೊಂದು ಕಮ್ಯೂನ್ ಆಯಿತು, ಆ ಲೆಕ್ಕ ಇವತ್ತಿಗೂ ಅಷ್ಟಾಗಿ ಬದಲಾಗಿಲ್ಲ. ದೊಡ್ಡ ನಗರ ಮಾರ್ಸೇಯ್ ಕೂಡ ಕಮ್ಯೂನೇ, ನ್ವಾಯೆಲ್ ಕೂಡ ಕಮ್ಯೂನೇ. ಮಾರ್ಸೇಯ್‌ಗೆ ಒಂದಷ್ಟು ವಿಶೇಷ ಕಾನೂನುಗಳಿವೆ ಅನ್ನುವುದು ಬಿಟ್ಟರೆ ದರ್ಜೆ ಒಂದೇ. 500ರಿಂದ 1,499 ಜನರಿರುವ ಊರಿಗೆ ಕಾನೂನಿನಲ್ಲಿ 15 ಸದಸ್ಯರ ಸಭೆ. ಅವರು ತಮ್ಮೊಳಗೇ ಒಬ್ಬರನ್ನು ಮೇಯರ್ ಆಗಿ ಆರಿಸುತ್ತಾರೆ. ಮೇಯರ್ ಊರಿನ ಪ್ರತಿನಿಧಿಯೂ ಹೌದು, ಅದೇ ಹೊತ್ತಿಗೆ ಸರ್ಕಾರದ ಕೈಯೂ ಹೌದು. ಜನನ, ಮರಣ ಬರೆದಿಡುವುದು, ಮದುವೆ ಮಾಡಿಸುವುದು ಎಲ್ಲ ಅವರ ಹೆಸರಿನಲ್ಲೇ. ಇಂಥ ಊರುಗಳಿಗೆ ದೊಡ್ಡ ಕೆಲಸಕ್ಕೆ ಕಾಸು ಸಾಲುವುದಿಲ್ಲ. ಹಾಗಾಗಿ ಸುತ್ತಲಿನ 70ಕ್ಕೂ ಹೆಚ್ಚು ಕಮ್ಯೂನ್‌ಗಳು ಸೇರಿ 2017ರಿಂದ ಪೊಂತ್ಯೂ-ಮಾರ್ಕಾಂತೇರ್ ಎಂಬ ಕೂಟ ನಡೆಸುತ್ತಿವೆ.

ಆಡಳಿತದ ಈ ಪಾಠಕ್ಕಿಂತ ನನಗೆ ರುಚಿಸುವ ಪ್ರಶ್ನೆ ಬೇರೆ. ಸಮುದ್ರ ಬಿಟ್ಟುಹೋದ ನೆಲ ಯಾರದ್ದು? ಊರಿನ ಎದುರಿಗೇ ಹೊಸ ನೆಲ ಹುಟ್ಟುತ್ತಿದೆ. ಊರಿನದ್ದೇ ಅಲ್ವಾ ಅನಿಸುತ್ತದೆ. ಫ್ರೆಂಚ್ ಕಾನೂನು ಹಾಗೆ ಹೇಳುವುದಿಲ್ಲ. 14ನೇ ಲೂಯಿಯ ಮಂತ್ರಿ ಕೋಲ್ಬೇರ್‌ನ ಕಾಲದಲ್ಲಿ, 1681ರಲ್ಲಿ ಹೊರಟ ರಾಜಾಜ್ಞೆ ಕಡಲದಡ ಅಂದರೆ ಏನು ಅಂತ ಬರೆದಿಟ್ಟಿತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸಮುದ್ರ ಮುಚ್ಚಿ ತೆರೆಯುವ ನೆಲ, ಮಾರ್ಚ್ ತಿಂಗಳ ದೊಡ್ಡ ಉಬ್ಬರ ಮುಟ್ಟುವ ಗೆರೆಯ ತನಕ, ದಡ. ಅದು ದೊರೆಯ ಆಸ್ತಿ, ಈಗ ಸರ್ಕಾರದ್ದು. ವರ್ಷಕ್ಕೆ ನಾಲ್ಕಾರು ಸಲ ಉಪ್ಪುನೀರು ಹತ್ತಿದರೂ ಸಾಕು, ಆ ಹುಲ್ಲುಗಾವಲು ಕಾನೂನಿನ ಕಣ್ಣಿಗೆ ಸಮುದ್ರ.

ನೀರು ಪೂರ್ತಿ ಬಿಟ್ಟುಹೋದ ಮೇಲೆ? ಮೊದಲಿನ ಕಾಲದಲ್ಲಿ ಅಂಥ ನೆಲವನ್ನು ಸರ್ಕಾರ ಖಾಸಗಿಯವರಿಗೆ ಕೊಡುತ್ತಿತ್ತು. ಅವರು ಏರಿ ಕಟ್ಟಿ ಹೊಲ ಮಾಡಿಕೊಳ್ಳುತ್ತಿದ್ದರು. ಹೂಳು ಕೂರುವುದನ್ನೇ ಕಾಯುವ ದಂಧೆ ಅದು, ಬಿತ್ತದೆಯೇ ಬರುವ ಫಸಲು. 1963ರ ಕಾನೂನು ಇದಕ್ಕೆ ತಡೆ ಹಾಕಿತು. ಅಲ್ಲಿಂದಾಚೆ ಸಮುದ್ರ ಬಿಟ್ಟುಕೊಡುವ ಹೊಸ ನೆಲವೂ ಸಾರ್ವಜನಿಕ ಆಸ್ತಿ. 1975ರಲ್ಲಿ ಕಡಲತೀರದ ಜಮೀನು ಕೊಂಡು ಕಾಪಾಡುವುದಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. 1986ರ ಕಡಲತೀರ ಕಾನೂನು ದಡದ ಗೆರೆಯಿಂದ 100 ಮೀಟರ್ ಒಳಗೆ, ಊರಿನ ಹೊರಗೆ, ಹೊಸ ಕಟ್ಟಡಕ್ಕೆ ಬೇಡ ಅಂದಿತು. ಸೋಮ್ ಕೊಲ್ಲಿಯ ಸುತ್ತ ಹೋಟೆಲುಗಳ ಗೋಡೆ ಎದ್ದಿಲ್ಲದಿರುವುದಕ್ಕೆ ಇವೆಲ್ಲ ಕಾರಣ. ಕೆಸರೂ ಕಾರಣ ಅನ್ನಿ, ಕೆಸರಿನ ಎದುರು ಯಾರು ಹೋಟೆಲು ಕಟ್ಟುತ್ತಾರೆ?

ಹೀಗಾಗಿ ಈ ಬಯಲಿನಲ್ಲಿ ಎಲ್ಲರೂ ಸರ್ಕಾರದ ಬಾಡಿಗೆದಾರರೇ. ಕುರಿ ಮೇಯಿಸುವವರಿಗೆ ಪರವಾನಗಿ ಬೇಕು. ಬಾತುಕೋಳಿ ಬೇಟೆಗಾರರಿಗೆ, ಕೆಸರು ಕೆದಕಿ ಚಿಪ್ಪು ಹೆಕ್ಕುವವರಿಗೆ, ಸಾಲಿಕೋರ್ನ್ ಕೊಯ್ದು ಮಾರುವವರಿಗೆ ಎಲ್ಲರಿಗೂ ಬೇಕು. ಉಪ್ಪುಹುಲ್ಲು ಮೇದ ಕುರಿಯ ಮಾಂಸಕ್ಕೆ ಒಳ್ಳೆಯ ಬೆಲೆ. ಸೋಮ್ ಕೊಲ್ಲಿಯ ಹೆಸರಿನಲ್ಲಿ ಮಾರಲು ಅದಕ್ಕೆ ಯುರೋಪಿನ ರಕ್ಷಿತ ಹೆಸರೂ ಸಿಕ್ಕಿದೆ, ಎಷ್ಟು ಕಾಲ ಇಲ್ಲಿ ಮೇಯಬೇಕು ಎಂಬ ನಿಯಮ ಸಮೇತ. ಕುರುಬರ ಕೈಯಲ್ಲಿ ಯಾವಾಗಲೂ ಉಬ್ಬರದ ವೇಳಾಪಟ್ಟಿ ಇರುತ್ತದೆ. ದೊಡ್ಡ ಉಬ್ಬರದ ದಿನ ಮಂದೆಯನ್ನು ಮೊದಲೇ ಎತ್ತರಕ್ಕೆ ಹೊಡೆದುಕೊಂಡು ಬರಬೇಕು. ಇಲ್ಲಿ ನೀರು ಎದುರಿನಿಂದ ಬರುವುದಿಲ್ಲ. ಮೊದಲು ಕಾಲುವೆಗಳಲ್ಲಿ ಸದ್ದಿಲ್ಲದೆ ತುಂಬಿ ಹಿಂದಿನಿಂದ ಸುತ್ತುವರಿಯುತ್ತದೆ. ನಡೆದು ಹೋಗುವ ಪ್ರವಾಸಿಗರಿಗೆ ಊರವರು ಮಾರ್ಗದರ್ಶಿ ಇಲ್ಲದೆ ಹೋಗಬೇಡಿ ಅನ್ನುವುದು ಸುಮ್ನೆ ಅಲ್ಲ.

ಈಗ 1917ಕ್ಕೆ ಬರೋಣ. ಯುದ್ಧ ಮೂರನೇ ವರ್ಷಕ್ಕೆ ಕಾಲಿಟ್ಟು ಬ್ರಿಟಿಷರಿಗೂ ಫ್ರೆಂಚರಿಗೂ ಆಳು ಸಾಲುತ್ತಿರಲಿಲ್ಲ. ಬಂದೂಕು ಹಿಡಿಯುವವರನ್ನೆಲ್ಲ ಮುಂದಕ್ಕೆ ಕಳಿಸಬೇಕೆಂದರೆ ಹಡಗಿನಿಂದ ಸರಕು ಇಳಿಸಲು, ರಸ್ತೆ ಮಾಡಲು, ಹಳಿ ಹಾಕಲು, ಮರ ಕಡಿಯಲು ಬೇರೆಯವರು ಬೇಕು. ಚೀನಾ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಅದು ಜರ್ಮನಿಯ ಮೇಲೆ ಯುದ್ಧ ಸಾರಿದ್ದು 1917ರ ಆಗಸ್ಟ್‌ನಲ್ಲಿ. ಹಾಗಾಗಿ ಸೈನಿಕರು ಸಿಗುವಂತಿರಲಿಲ್ಲ, ಕರಾರಿನ ಕೂಲಿಗಳು ಸಿಕ್ಕರು. ಬ್ರಿಟಿಷರು ಸುಮಾರು 95,000 ಜನರನ್ನು ತಂದರು, ಫ್ರೆಂಚರು ಬೇರೆಯಾಗಿ 40,000ದಷ್ಟು. ಬ್ರಿಟಿಷರಿಗೆ ಸೇರಿದವರಲ್ಲಿ ಹೆಚ್ಚಿನವರು ಶಾನ್‌ಡಾಂಗ್ ಪ್ರಾಂತ್ಯದ ರೈತರು. ಮೂರು ವರ್ಷದ ಕರಾರು, ದಿನಕ್ಕೆ ಒಂದು ಫ್ರಾಂಕ್ ಕೂಲಿ, ಊರಿನಲ್ಲಿ ಮನೆಯವರಿಗೆ ತಿಂಗಳಿಗೆ ಒಂದಿಷ್ಟು ಹಣ. ದಿನಕ್ಕೆ ಹತ್ತು ತಾಸು ಕೆಲಸ. ಒಬ್ಬೊಬ್ಬರ ಮಣಿಕಟ್ಟಿಗೂ ನಂಬರ್ ಕೊರೆದ ಹಿತ್ತಾಳೆಯ ಪಟ್ಟಿ ಹಾಕಿ, ತೆಗೆಯಲು ಬಾರದಂತೆ ಬೆಸೆದುಬಿಟ್ಟರು. ಲೆಕ್ಕದ ಪುಸ್ತಕದಲ್ಲಿ ಹೆಸರಿಗಿಂತ ಆ ನಂಬರೇ ಮುಖ್ಯ.

ಬಂದ ದಾರಿ ಕೇಳಿದರೆ ಆಶ್ಚರ್ಯವಾಗುತ್ತದೆ. 1917ರ ಫೆಬ್ರವರಿಯಲ್ಲಿ ಅತೋಸ್ ಎಂಬ ಹಡಗನ್ನು ಮೆಡಿಟರೇನಿಯನ್‌ನಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಫ್ರೆಂಚರಿಗಾಗಿ ಹೊರಟಿದ್ದ 500ಕ್ಕೂ ಹೆಚ್ಚು ಚೀನೀಯರು ಸತ್ತರು. ಆಮೇಲೆ ಬ್ರಿಟಿಷರು ಕೂಲಿಗಳನ್ನು ಉಲ್ಟಾ ದಿಕ್ಕಿನಲ್ಲಿ ಸಾಗಿಸಿದರು. ಪೆಸಿಫಿಕ್ ದಾಟಿ ಕೆನಡಾ, ಕೆನಡಾದ ಉದ್ದಕ್ಕೂ ಬಾಗಿಲು ಹಾಕಿದ ರೈಲುಡಬ್ಬಿಗಳಲ್ಲಿ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಇಂಗ್ಲೆಂಡ್, ಕೊನೆಗೆ ಕಿರುಗಡಲು ದಾಟಿ ಫ್ರಾನ್ಸ್. ಫ್ರಾನ್ಸಿನಲ್ಲಿ ಅವರನ್ನು ಮೊದಲು ಇಳಿಸಿಕೊಂಡು, ಲೆಕ್ಕ ಬರೆದು, ಬೇರೆ ಬೇರೆ ಕಡೆ ಹಂಚುತ್ತಿದ್ದ ಮುಖ್ಯ ಶಿಬಿರ ಇದ್ದದ್ದು ನ್ವಾಯೆಲ್‌ನಲ್ಲಿ.

ಯಾಕೆ ಇಲ್ಲಿ? ನಕಾಶೆ ನೋಡಿದರೆ ಊಹಿಸುವುದು ಕಷ್ಟವಲ್ಲ. ಬುಲೋನ್ ಬಂದರಿನಿಂದ ಬರುವ ಮುಖ್ಯ ರೈಲು ಇಲ್ಲೇ ಹಾದುಹೋಗುತ್ತದೆ. ಬ್ರಿಟಿಷ್ ಸೈನ್ಯದ ಸರಬರಾಜಿನ ದೊಡ್ಡ ಕೇಂದ್ರ ಅಬ್‌ವಿಲ್ ಪಕ್ಕದಲ್ಲೇ. ಯುದ್ಧರಂಗ ದೂರ. ಸುತ್ತಲೂ ಬೇಕಾದಷ್ಟು ಬಯಲು. ಕೊಲ್ಲಿ ತುಂಬಿದ್ದರಿಂದ ರೈಲಿನ ಕೂಡುದಾರಿ ಆದ ಊರಿಗೆ, ರೈಲಿನ ಕೂಡುದಾರಿ ಆದದ್ದರಿಂದ ಸಾವಿರಾರು ಚೀನೀ ರೈತರು ಬಂದಿಳಿದರು. ಪಿಕಾರ್ಡಿ ಎಂಬ ಈ ಸೀಮೆಯ ಕೆಲವು ನೂರು ಜನರ ಹಳ್ಳಿಯೊಂದು ಇದನ್ನು ಹೇಗೆ ನೋಡಿರಬಹುದು ಅಂತ ಯೋಚಿಸಿ.

ಶಿಬಿರದ ಜೊತೆಗೆ ಈ ಕೂಲಿಗಳಿಗೆಂದೇ ದೊಡ್ಡ ಆಸ್ಪತ್ರೆ ಬಂತು. ಆಸ್ಪತ್ರೆ ಇದ್ದ ಮೇಲೆ ಮಸಣವೂ ಬಂತು. ನ್ವಾಯೆಲ್‌ಗೆ ಸೇರಿದ ನೊಲೆತ್ ಎಂಬ ಕೇರಿಯ ಹೊರಗೆ, ಹೊಲಗಳ ನಡುವೆ ಇರುವ ಆ ಜಾಗದಲ್ಲಿ 800ಕ್ಕೂ ಹೆಚ್ಚು ಚೀನೀಯರ ಸಮಾಧಿಗಳಿವೆ. ಫ್ರಾನ್ಸಿನಲ್ಲಿರುವ ಚೀನೀ ಮಸಣಗಳಲ್ಲಿ ಇದೇ ದೊಡ್ಡದು. ಕರಾರಿನಲ್ಲಿ ಕಾದಾಟದ ಕೆಲಸ ಇಲ್ಲ ಎಂದಿತ್ತು. ಆದರೂ ಕೆಲವರು ಬಾಂಬು ದಾಳಿಗೆ ಸಿಕ್ಕರು. ಇನ್ನೂ ಹೆಚ್ಚು ಜನರನ್ನು ಕಾಯಿಲೆ ಒಯ್ದಿತು, ಅದರಲ್ಲೂ 1918ರಲ್ಲಿ ಜಗತ್ತನ್ನೇ ಹಿಡಿದ ಇನ್‌ಫ್ಲುಯೆಂಜಾ. ಕಲ್ಲುಗಳ ಮೇಲಿನ ತಾರೀಖು ಓದುತ್ತಾ ಹೋದರೆ ಒಂದು ಪ್ರಶ್ನೆ ಏಳುತ್ತದೆ. ಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ, 1919ರಲ್ಲಿ ಸತ್ತವರು ಇಲ್ಲಿ ಇಷ್ಟು ಜನ ಯಾಕೆ? ಸೈನಿಕರು ಮನೆಗೆ ಹೋದರು, ಇವರ ಕರಾರು ಮುಗಿದಿರಲಿಲ್ಲ. ಕಂದಕ ಮುಚ್ಚುವುದು, ಮುಳ್ಳುತಂತಿ ಸುತ್ತುವುದು, ಸಿಡಿಯದೆ ಉಳಿದ ಗುಂಡುಗಳನ್ನು ಹೆಕ್ಕುವುದು, ಹೆಣ ಹುಡುಕಿ ಹೂಳುವುದು, ಯುದ್ಧದ ಎಂಜಲು ಬಳಿಯುವ ಕೆಲಸವೆಲ್ಲ ಇವರ ಪಾಲಿಗೆ ಬಂತು. 1920ರ ಹೊತ್ತಿಗೆ ಹೆಚ್ಚಿನವರನ್ನು ವಾಪಸ್ ಕಳಿಸಿದರು.

ನಮ್ಮವರೂ ಇದೇ ಕೆಲಸಕ್ಕೆ ಬಂದಿದ್ದರು. 1917ರಿಂದ ಭಾರತದ ಕೂಲಿ ತುಕಡಿಗಳು, ನಾಗಾ, ಲುಶಾಯ್, ಖಾಸಿ, ಸಂತಾಲ್ ಜನ, ಉತ್ತರ ಫ್ರಾನ್ಸಿನಲ್ಲಿ ರಸ್ತೆ ಕಡಿದರು, ಮರ ಹೊತ್ತರು. ಇಲ್ಲಿಂದ ಪೂರ್ವಕ್ಕೆ, ಆರಾಸ್ ನಗರದ ಕೆಳಗಿರುವ ಅಯೆತ್ ಎಂಬ ಹಳ್ಳಿಯಲ್ಲಿ ಭಾರತೀಯರೂ ಚೀನೀಯರೂ ಒಂದೇ ಮಸಣದಲ್ಲಿ ಮಲಗಿದ್ದಾರೆ.

ಅಷ್ಟು ದುಡಿದವರ ಊರಿಗೆ ಸಿಕ್ಕಿದ್ದು ಏನು? 1919ರ ಪ್ಯಾರಿಸ್ ಶಾಂತಿ ಸಭೆಯಲ್ಲಿ ಚೀನಾ ಗೆದ್ದವರ ಸಾಲಿನಲ್ಲಿ ಕೂತಿತ್ತು. ಅದು ಕೇಳಿದ್ದು, ಜರ್ಮನಿ ಹಿಡಿದುಕೊಂಡಿದ್ದ ಶಾನ್‌ಡಾಂಗ್‌ನ ಹಕ್ಕುಗಳನ್ನು ವಾಪಸ್ ಕೊಡಿ ಅಂತ. ಕೂಲಿಗಳು ಬಂದಿದ್ದ ಅದೇ ಶಾನ್‌ಡಾಂಗ್. ಸಭೆ ಆ ಹಕ್ಕುಗಳನ್ನು ಜಪಾನಿಗೆ ಕೊಟ್ಟಿತು. ಸುದ್ದಿ ಮುಟ್ಟಿದಾಗ ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಇವತ್ತಿನ ಚೀನಾದ ರಾಜಕೀಯದ ಬೇರು ಹುಡುಕುವವರು ಆ ದಿನಕ್ಕೇ ಹೋಗುತ್ತಾರೆ. ಜೂನ್ 28ರ ವರ್ಸಾಯ್ ಒಪ್ಪಂದಕ್ಕೆ ಚೀನಾ ಸಹಿ ಹಾಕಲಿಲ್ಲ.

ಇದೇ ಶಿಬಿರಗಳಿಂದ ಇನ್ನೊಂದು ಎಳೆ ಹೊರಟಿತು. ಅಮೆರಿಕದಲ್ಲಿ ಓದಿದ್ದ ಯಾನ್ ಯಾಂಗ್‌ಚು ಎಂಬ ಯುವಕ ಬುಲೋನ್‌ಗೆ ಬಂದು ಕೂಲಿಗಳಿಗೆ ಕಾಗದ ಬರೆದುಕೊಡುತ್ತಿದ್ದ. ಬರೆದು ಬರೆದು ಸಾಕಾಗಿ, ನೀವೇ ಕಲಿಯಿರಿ ಅಂತ ಪಾಠ ಶುರುಮಾಡಿದ. ದಿನಬಳಕೆಯ ಒಂದು ಸಾವಿರ ಅಕ್ಷರಗಳನ್ನು ಆರಿಸಿ ಕಲಿಸುವ ಅವನ ಕ್ರಮ ಮುಂದೆ ಚೀನಾದಲ್ಲಿ ದೊಡ್ಡ ಸಾಕ್ಷರತಾ ಚಳವಳಿ ಆಯಿತು.

ನೊಲೆತ್‌ನ ಮಸಣ 1921ರಲ್ಲಿ ಸಿದ್ಧವಾಯಿತು. ಬಾಗಿಲು ಚೀನೀ ಶೈಲಿಯದ್ದು, ಒಳಗೆ ಬಿಳಿ ಕಲ್ಲುಗಳ ಸಾಲು, ಹಸಿರು ಹುಲ್ಲು, ಮರಗಳು. ಬ್ರಿಟಿಷರ ಇತರ ಯುದ್ಧ ಮಸಣಗಳನ್ನು ನೋಡಿಕೊಳ್ಳುವ ಆಯೋಗವೇ ಇದನ್ನೂ ನೋಡಿಕೊಳ್ಳುತ್ತದೆ. ಕಲ್ಲಿನ ಮೇಲೆ ಚೀನೀ ಅಕ್ಷರಗಳಲ್ಲಿ ಹೆಸರು ಇದೆ. ಕೆಳಗೆ ಇಂಗ್ಲಿಷಿನಲ್ಲಿ ನಂಬರ್, ಸತ್ತ ದಿನ, ಮತ್ತು ಒಂದು ಸಾಲು. ಬ್ರಿಟಿಷ್ ಸೈನಿಕರ ಕಲ್ಲಿನ ಮೇಲೆ ಮನೆಯವರು ಆರಿಸಿದ ಸಾಲು ಇರುತ್ತದೆ. ಇಲ್ಲಿ ಕಚೇರಿಯವರೇ ನಾಲ್ಕು ಸಾಲು ಸಿದ್ಧಮಾಡಿ ಸರದಿಯ ಮೇಲೆ ಹಂಚಿದ ಹಾಗಿದೆ. 'ಸಾಯುವ ತನಕ ನಿಷ್ಠ', 'ಸತ್ತರೂ ಬದುಕಿದ್ದಾನೆ', 'ಒಳ್ಳೆಯ ಹೆಸರು ಎಂದಿಗೂ ಉಳಿಯುತ್ತದೆ', 'ದೊಡ್ಡ ಕರ್ತವ್ಯವನ್ನು ಧೈರ್ಯದಿಂದ ಮಾಡಿದ'. ಒಂದರ ಪಕ್ಕ ಒಂದು, ಮತ್ತೆ ಮತ್ತೆ ಅವೇ ನಾಲ್ಕು.

ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಹಬ್ಬ ಬರುತ್ತದೆ. ಆ ಹೊತ್ತಿಗೆ ಪ್ಯಾರಿಸ್‌ನ ಚೀನೀ ಕುಟುಂಬಗಳು, ರಾಯಭಾರ ಕಚೇರಿಯವರು ಹೂ ಹಿಡಿದು ಇಲ್ಲಿಗೆ ಬರುತ್ತಾರೆ. ಊರಿನ ಮೇಯರ್ ಮೂರು ಬಣ್ಣದ ಪಟ್ಟಿ ಹಾಕಿಕೊಂಡು ಅವರ ಜೊತೆ ನಿಲ್ಲುತ್ತಾರೆ. ಆಮೇಲೆ ಎಲ್ಲರೂ ರೈಲು ಹಿಡಿಯಲು ಹೊರಡುತ್ತಾರೆ, ಕುರಿಗಳು ಉಪ್ಪುಹುಲ್ಲಿಗೆ ಹೋಗುತ್ತವೆ.